ಅಬ್ಬಲಿಗೆಯೋ ರೆಂಜೆಯೋ

ಗಿಡಗಳ ವಿಷಯದಲ್ಲಿ ಯಾರಾದರೂ ನನ್ನ ಸಲಹೆ ಕೇಳಿದರೆ ಈಗ ನಾನು ಬಾಯಿ ಬಿಡುವುದಿಲ್ಲ. ಡೊಂಬಿವಲಿಯ ಈ ಬಾಡಿಗೆ ಮನೆಗೆ ಬಂದು ತಿಂಗಳು ತುಂಬುವ ಮೊದಲೇ ಮೇಲಿನ ಮಹಡಿಯ ಹೆಂಗಸೊಬ್ಬಳು ಇಳಿದು ಬಂದಳು. ಗೇಟಿನ ಪಕ್ಕದ ಖಾಲಿ ಜಾಗದಲ್ಲಿ ವರ್ಷವಿಡೀ ಹೂ ಬಿಡುವ ಗಿಡ ಹಾಕುವುದು ಒಳ್ಳೆಯದೋ, ಯಾವಾಗಲೂ ಹಸಿರಾಗಿರುವ ಮರ ನೆಡುವುದು ಒಳ್ಳೆಯದೋ ಎಂದು ಕೇಳಿದಳು. ನನಗೆ ಇದೆಲ್ಲ ಗೊತ್ತು ಎಂದು ಅವಳಿಗೆ ಯಾರು ಹೇಳಿದರೋ. ನನಗೇನೂ ಗೊತ್ತಿಲ್ಲ ಎಂದುಬಿಟ್ಟೆ. ಅದು ಸುಳ್ಳು. ಎಂಟು ವರ್ಷದ ಹಿಂದೆ ಇದೇ ಪ್ರಶ್ನೆಗೆ ನಾನು ಪುಟ ತುಂಬ ಉತ್ತರ ಬರೆದಿದ್ದೆ. ಅದನ್ನು ಹದಿನಾರು ಮನೆಯವರ ಮುಂದೆ ನಿಂತು ಓದಿಯೂ ಇದ್ದೆ. ಆ ದಿನ ನೆನಪಾದರೆ ಈಗಲೂ ನನಗೆ ಕಿವಿ ಬಿಸಿಯಾಗುತ್ತದೆ.

ನಾವಾಗ ನೆರೂಳದ ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿದ್ದೆವು. ನಮ್ಮವರು ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ನಾನು ಮನೆಯಲ್ಲೇ ಆಸುಪಾಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೆ. ನಮ್ಮ ಊರು ಉಡುಪಿ ಕಡೆ. ಗಂಡಹೆಂಡತಿ ಮಾತಾಡುವುದು ತುಳು. ಮಗಳೊಡನೆ ಮಾತ್ರ ನಾನು ಹಟ ಹಿಡಿದು ಕನ್ನಡ ಆಡುತ್ತಿದ್ದೆ, ಅವಳು ಅಷ್ಟೇ ಹಟದಿಂದ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. “ಊಟಕ್ಕೆ ಬಾ” ಎಂದರೆ “ಆ ರಹೀ ಹೂಂ, ಮಮ್ಮಿ,” ಬರುತ್ತಿದ್ದೇನೆ ಎಂದು. ಕನ್ನಡ ಅವಳ ಕಿವಿಗೆ ಹೋಗುತ್ತಿತ್ತು, ಬಾಯಿಂದ ಬರುತ್ತಿರಲಿಲ್ಲ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳೆಲ್ಲ ಹೀಗೇ ಎಂದು ಸಮಾಧಾನ ಮಾಡಿಕೊಂಡಿದ್ದೆ.

ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿ ಇನ್ನೊಂದು ಅಡುಗೆಮನೆಯ ಕಿಟಕಿ. ಅದು ಗದಗಿನ ಕಡೆಯ ಅಕ್ಕನ ಮನೆ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮಗ ಚಿಕ್ಕವನಿದ್ದಾಗಲೇ ಗಂಡನನ್ನು ಕಳೆದುಕೊಂಡವರು. ಆ ಮಗನಿಗೆ ಮಹಾಪೆಯಲ್ಲಿ ಪಾಳಿ ಕೆಲಸ, ಇನ್ನೂ ಮದುವೆಯಾಗಿರಲಿಲ್ಲ. ನಾವು ಸಾಮಾನು ಇಳಿಸಿದ ದಿನವೇ ಎದುರು ಕಿಟಕಿಯಿಂದ “ಏ ಕಾಗೀ, ಹೋಗ ಅತ್ಲಾಗ!” ಎಂದು ಯಾರೋ ಗದರಿಸುವುದು ಕೇಳಿಸಿತು. ಕೈಯಲ್ಲಿದ್ದ ಡಬ್ಬ ಕೆಳಗಿಟ್ಟು ಓಡಿದೆ. ಆ ಕಟ್ಟಡದಲ್ಲಿ ಮರಾಠಿಯವರು, ಗುಜರಾತಿಗಳು, ಮಲಯಾಳಿಗಳು ಎಲ್ಲ ಇದ್ದರು. ಕನ್ನಡ ಆಡುವ ಮನೆ ನಮ್ಮವೆರಡೇ. ನನ್ನದು ಶಾಲೆಯಲ್ಲಿ ಕಲಿತ ಕನ್ನಡ, ಅವರದು ಹೊಲಮನೆಯ ಕನ್ನಡ. ಅವರು “ಸಂಜಿ ಮುಂದ ಬಾರವಾ ತಂಗಿ” ಎನ್ನುವರು, ನಾನು “ಎಂತಕ್ಕೆ ಅಕ್ಕ?” ಎನ್ನುವೆ, ಇಬ್ಬರೂ ನಗುವೆವು.

ಎರಡು ಕಿಟಕಿಗಳ ನಡುವೆ ಹತ್ತು ಹೆಜ್ಜೆಯಷ್ಟು ಮಣ್ಣಿನ ನೆಲವಿತ್ತು. ಅದರ ತುಂಬ ಅಕ್ಕ ಅಬ್ಬಲಿಗೆ ಬೆಳೆಸಿದ್ದರು. ಬೆಂಗಳೂರಿನವರು ಕನಕಾಂಬರ ಎನ್ನುವ ಹೂವೇ ಅದು. ನನ್ನ ಬಾಯಲ್ಲಿ ಅದು ಅಬ್ಬಲಿಗೆ, ಅಕ್ಕನ ಬಾಯಲ್ಲಿ ಅಬ್ಬೋಲಿ, ಮರಾಠಿಯವರಿಗೆ ಅಬೋಲಿ. ಮೊಣಕಾಲೆತ್ತರದ ಗಿಡ, ಒಮ್ಮೆ ಊರಿದರೆ ವರ್ಷಗಟ್ಟಲೆ ಇರುತ್ತದೆ, ಹೂ ನಿಲ್ಲಿಸುವುದೇ ಇಲ್ಲ. ವಾಸನೆಯಿಲ್ಲ, ಬಣ್ಣ ಮಾತ್ರ ಕಣ್ಣಿಗೆ ಹಿಡಿಸುವಂಥದು. ಅಕ್ಕ ದಿನಾ ಬೆಳಿಗ್ಗೆ ಬಿಡಿಸಿ, ಸಂಜೆ ಚಹಾದ ಹೊತ್ತಿಗೆ ಕೂತು ದಾರದಲ್ಲಿ ಕಟ್ಟುತ್ತಿದ್ದರು. ಒಂದು ಮೊಳ ನನಗೆ, ಒಂದು ತುಂಡು ನನ್ನ ಮಗಳಿಗೆ, ಉಳಿದದ್ದು ಮೇಲಿನ ಮನೆಯವರಿಗೆ ಸರದಿಯ ಮೇಲೆ. ತಾವು ಮುಡಿಯುತ್ತಿರಲಿಲ್ಲ. ಗಂಡ ಹೋದ ಮೇಲೆ ಬಿಟ್ಟದ್ದು.

ಒಮ್ಮೆ ನಾನು ಸುಮ್ಮನೆ ಉಪಚಾರಕ್ಕೆ, “ನಂಗೆ ಎಷ್ಟು ಕೊಡ್ತೀರಿ ಅಕ್ಕ, ನಿಮ್ಮ ದೇವರಿಗೆ ಇಟ್ಕೊಳ್ಳಿ” ಎಂದೆ. ಅದಕ್ಕವರು, “ದೇವ್ರಿಗಿ ಇಟ್ಟೇನಿ. ನಿನ್ನ ತಲಿ ತುಂಬ ಕೂದ್ಲ ಅದಾವು, ನೀ ಮುಡಕೊಂಡ್ರ ನಾ ನೋಡತೇನಿ, ಅಷ್ಟ ಸಾಕು” ಎಂದರು. ಆ ಮಾತನ್ನು ಕೇಳಿಸಿಕೊಂಡವಳು ನಾನು. ಆಮೇಲೆ ಆಡಿದ್ದನ್ನು ಆಡಿದವಳೂ ನಾನೇ. ಇದನ್ನು ಮರೆತಿದ್ದೆ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಹೂವಿನಿಂದಲ್ಲ, ಮಗಳಿಂದ. ಶಾಲೆಯಿಂದ ಬಂದವಳು ಚೀಲ ಎಸೆದು ಎದುರು ಮನೆಗೆ ಹೋಗುತ್ತಿದ್ದಳು. ಅಕ್ಕನ ಪಕ್ಕದಲ್ಲಿ ಕೂತು ಹೂ ಜೋಡಿಸಿ ಕೊಡುವಳು. ಒಣಗಿದ ಅಬ್ಬಲಿಗೆಯ ಕಾಯಿಯನ್ನು ನೀರಿನ ಲೋಟಕ್ಕೆ ಹಾಕಿದರೆ ಅದು ಚಟ್ಟೆಂದು ಸಿಡಿದು ಬೀಜ ಹಾರುತ್ತದೆ. ಅದನ್ನು ನೋಡಿ ಇಬ್ಬರೂ ಕೇಕೆ ಹಾಕುವರು. ಒಂದು ಸಂಜೆ ನಾನು ಒಗ್ಗರಣೆ ಹಾಕುತ್ತಿದ್ದಾಗ ಕಿಟಕಿಯಾಚೆಯಿಂದ ನನ್ನ ಮಗಳ ದನಿ ಬಂತು: “ದೊಡ್ಡವ್ವಾ, ಇದು ನೋಡ್ರಿ, ಎಷ್ಟ ಛಲೋ ಆಗೇತಿ!” ಸಾಸಿವೆ ಸೀದು ಕರಿಯಾಯಿತು. ಹದಿನೈದು ವರ್ಷ ನಾನು ಹಟ ಹಿಡಿದು ಕಲಿಸಿದ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಟ್ಟವಳು, ಎದುರು ಮನೆಯಲ್ಲಿ ಗದಗಿನವಳೇ ಆಗಿ ಕೂತಿದ್ದಳು. ಖುಷಿಪಡಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು.

ಅದೇ ವರ್ಷ ಸೊಸೈಟಿಯವರು ಅಂಗಳಕ್ಕೆಲ್ಲ ಪೇವರ್ ಬ್ಲಾಕ್ ಹಾಸಲು ಹೊರಟರು. ಮಣ್ಣಿದ್ದಲ್ಲೆಲ್ಲ ಮುಚ್ಚಿ, ನಮ್ಮಿಬ್ಬರ ಕಿಟಕಿಗಳ ನಡುವೆ ಒಂದು ಚೌಕ ಮಾತ್ರ ಬಿಡುವುದೆಂದು ಮಾತಾಯಿತು. ಅದರಲ್ಲಿ ಹೂವಿನ ಮಡಿಯನ್ನೇ ಇಡುವುದೋ ಅಥವಾ ಒಂದು ಮರ ನೆಡುವುದೋ ಎಂಬುದನ್ನು ಭಾನುವಾರದ ಮೀಟಿಂಗಿನಲ್ಲಿ ನಿರ್ಧರಿಸುತ್ತೇವೆ, ನೆಲಮಹಡಿಯವರು ತಮ್ಮ ಅಭಿಪ್ರಾಯ ತನ್ನಿ ಎಂದು ಸೆಕ್ರೆಟರಿ ಹೇಳಿಹೋದರು. ಅಕ್ಕನಿಗೆ ಅದರಲ್ಲಿ ಅಭಿಪ್ರಾಯಕ್ಕೇನಿದೆ ಎಂದೇ ಅರ್ಥವಾಗಲಿಲ್ಲ. ಹೂ ಹೇಗೂ ಇದೆಯಲ್ಲ. ನಾನು ಮಾತ್ರ ಆ ಸಂಜೆಯೇ ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡೆ.

ನನಗೆ ರೆಂಜೆ ಮರ ಬೇಕಿತ್ತು. ರೆಂಜೆ ಎಂದರೆ ಬಕುಳ. ನಮ್ಮ ಶಾಲೆಯ ಎದುರಿಗೆ ಒಂದಿತ್ತು. ಬೆಳಿಗ್ಗೆ ಬೇಗ ಹೋಗಿ ಉದುರಿದ ಹೂ ಆಯ್ದು ಲಂಗದಲ್ಲಿ ತುಂಬಿಕೊಳ್ಳುತ್ತಿದ್ದೆವು. ಒಣಗಿದ ಮೇಲೂ ಅದರ ವಾಸನೆ ಪುಸ್ತಕದೊಳಗೆ ಇರುತ್ತಿತ್ತು. ಎಲ್ಲರಿಗೂ ನಾನು ಹೇಳಿದ ಕಾರಣ ಇದೇ, ಮತ್ತು ಇದು ಸುಳ್ಳೂ ಅಲ್ಲ. ಆದರೆ ಮರ ಬೆಳೆದರೆ ಎರಡು ಕಿಟಕಿಗಳಿಗೂ ಅಡ್ಡವಾಗುತ್ತದೆ, ಅಬ್ಬಲಿಗೆ ಹೋದರೆ ಸಂಜೆಯ ಹೂ ಕಟ್ಟುವ ಆಟ ನಿಲ್ಲುತ್ತದೆ, ಮಗಳು ಮನೆಯಲ್ಲಿರುತ್ತಾಳೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಅದನ್ನು ಯಾರಿಗೂ ಹೇಳಲಿಲ್ಲ, ನಮ್ಮವರಿಗೂ.

ಮಕ್ಕಳಿಗೆ “ವ್ಯತ್ಯಾಸ ತಿಳಿಸಿ” ಎಂಬ ಪ್ರಶ್ನೆ ಬಿಡಿಸಿ ಬಿಡಿಸಿ ನನ್ನ ಕೈ ಪಳಗಿತ್ತು. ನಡುವೆ ಗೆರೆ ಎಳೆದು ಎಡಗಡೆ ಹೂವಿನ ಗಿಡ, ಬಲಗಡೆ ಮರ ಎಂದು ಬರೆದೆ. ನೆರಳು: ಗಿಡಕ್ಕಿಲ್ಲ, ಮರಕ್ಕಿದೆ. ನೀರು: ಗಿಡಕ್ಕೆ ದಿನಾ ಬೇಕು, ಮರಕ್ಕೆ ಮೊದಲೆರಡು ವರ್ಷ ಸಾಕು. ಆಯಸ್ಸು: ಗಿಡದ್ದು ಕೆಲವು ವರ್ಷ, ಮರದ್ದು ಮೊಮ್ಮಕ್ಕಳ ಕಾಲದವರೆಗೆ. ವರ್ಷಪೂರ್ತಿ ಹೂ ಎಂದು ಬರೆಯಬೇಕಾದ ಕಡೆ ವರ್ಷಪೂರ್ತಿ ಕಸ ಎಂದು ಬರೆದೆ. ಸೊಳ್ಳೆ ಎಂದೂ ಸೇರಿಸಿದೆ. ಬರೆಯದೆ ಬಿಟ್ಟದ್ದು ಇನ್ನೂ ಇತ್ತು. ರೆಂಜೆ ಬಹಳ ನಿಧಾನವಾಗಿ ಬೆಳೆಯುತ್ತದೆ, ಹೂ ಕಾಣಲು ಎಷ್ಟೋ ವರ್ಷ ಕಾಯಬೇಕು ಎಂದು ಬರೆಯಲಿಲ್ಲ. ಮುಖ್ಯವಾದದ್ದು, ಅಬ್ಬಲಿಗೆಗೆ ಅರೆನೆರಳೇ ಹೆಚ್ಚು ಇಷ್ಟ, ಮರದ ಬುಡದಲ್ಲಿ ಅದು ಸುಖವಾಗಿರುತ್ತದೆ ಎಂಬುದನ್ನೂ ಬರೆಯಲಿಲ್ಲ. ನನ್ನ ಅಮ್ಮ ತೆಂಗಿನ ಬುಡದಲ್ಲೇ ಅದನ್ನು ಬೆಳೆಸುತ್ತಿದ್ದಳು. ಒಂದೋ ಅದು ಇಲ್ಲವೇ ಇದು ಎಂಬ ಪ್ರಶ್ನೆಯೇ ಸುಳ್ಳು ಎಂದು ಆ ಹದಿನಾರು ಮನೆಗಳಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನಮ್ಮವರೂ ಅಕ್ಕನ ಮಗನೂ ಕೆಲಸಕ್ಕೆ ಹೋಗಿದ್ದರು. ನಾನು ನನ್ನ ಹಾಳೆಯನ್ನು ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ಗಂಟಲು ಏರಿಸಿ ಓದಿದೆ. ಸೆಕ್ರೆಟರಿ ತಲೆಯಾಡಿಸಿದರು. ಆಮೇಲೆ ಅಕ್ಕನನ್ನು ಕೇಳಿದರು. ಅಕ್ಕ ಎದ್ದು ನಿಂತು, ಕೈಯಲ್ಲಿ ಯಾವ ಕಾಗದವೂ ಇಲ್ಲದೆ, ಮರಾಠಿಯಲ್ಲಿ ಎರಡೇ ಮಾತು ಹೇಳಿದರು: ಅಬೋಲಿ ಹನ್ನೆರಡು ತಿಂಗಳೂ ಹೂ ಬಿಡುತ್ತದೆ, ಎಲ್ಲರಿಗೂ ಕೊಡುತ್ತೇನೆ. ಕೂತಿದ್ದ ಹೆಂಗಸರಲ್ಲಿ ನಾಲ್ಕೈದು ಜನ ಆಗ ತಮ್ಮ ಜಡೆ ಮುಟ್ಟಿ ನೋಡಿಕೊಂಡರು. ಹಿಂದಿನ ದಿನದ ಹೂ ಇನ್ನೂ ಅಲ್ಲೇ ಇತ್ತು. “ಇರಲಿ ಬಿಡಿ, ಹೂವೇ ಇರಲಿ” ಎಂದು ಯಾರೋ ಅಂದರು. ನನ್ನ ಹಾಳೆ ಮಡಿಲಲ್ಲಿ ಉಳಿಯಿತು.

ನನಗೆ ಸಿಟ್ಟು ಬಂದರೆ ಕಣ್ಣಿಗೆ ಕತ್ತಲು ಕವಿಯುವುದಿಲ್ಲ, ಬದಲಾಗಿ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂಬುದು ಕಾಣುತ್ತದೆ. ನಾನು ಅಕ್ಕನ ಕಡೆ ತಿರುಗಿ, ಬೇರೆ ಯಾರಿಗೂ ತಿಳಿಯದ ಹಾಗೆ ಕನ್ನಡದಲ್ಲಿ, ನಗುಮುಖ ಇಟ್ಟುಕೊಂಡೇ ಹೇಳಿದೆ:

“ಮುಡಿಯುವವರೇ ಇಲ್ಲದ ಮನೆಗೆ ವರ್ಷಪೂರ್ತಿ ಹೂ ಎಂತಕ್ಕೆ ಅಕ್ಕ?”

ಕನ್ನಡ ನಮ್ಮಿಬ್ಬರದೇ ಭಾಷೆ ಎಂಬುದು ಅಷ್ಟು ವರ್ಷ ನಮ್ಮ ಸುಖವಾಗಿತ್ತು. ಮೇಲಿನ ಮನೆಯವರ ಉಪ್ಪಿಟ್ಟಿನ ಬಗ್ಗೆ, ಸೆಕ್ರೆಟರಿಯ ಹೊಟ್ಟೆಯ ಬಗ್ಗೆ ಅವರೆದುರೇ ಮಾತಾಡಿ ನಕ್ಕಿದ್ದೆವು. ಆ ಭಾಷೆಯನ್ನೇ ನಾನು ಇದಕ್ಕೆ ಬಳಸಿದೆ. ಅಕ್ಕ ನನ್ನನ್ನೇ ನೋಡಿದರು. ಮುಖದಲ್ಲಿ ಸಿಟ್ಟು ಬರಲಿಲ್ಲ. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬಂತೆ ಕುತ್ತಿಗೆ ಸ್ವಲ್ಪ ಮುಂದೆ ಬಂತು.

ಸೆಕ್ರೆಟರಿ ಅಕ್ಕನನ್ನು ಕೇಳಿದರು, “ಕಾಯ್ ಮ್ಹಣಾಲ್ಯಾ ತ್ಯಾ?” ಏನಂದರು ಅವರು?

ಇದ್ದದ್ದನ್ನು ಇದ್ದಂತೆ ಅಕ್ಕ ಹೇಳಿದ್ದರೆ ಆ ಅಂಗಳದಲ್ಲಿ ಮತ್ತೆ ನಾನು ತಲೆಯೆತ್ತಿ ನಡೆಯುವಂತಿರಲಿಲ್ಲ. ಅಕ್ಕ ಸೆರಗು ಸರಿಮಾಡಿಕೊಂಡು ನಿಧಾನವಾಗಿ ಮರಾಠಿಯಲ್ಲಿ ಹೇಳಿದರು: “ಮರ ಎಲ್ಲರ ಉಪಯೋಗಕ್ಕೂ ಬರುತ್ತದೆ ಅಂತಿದ್ದಾರೆ. ಸರಿಯೇ ಇದೆ. ಮರವನ್ನೇ ಹಾಕಿ.” ಹೇಳಿ ಕೂತರು. ಮೀಟಿಂಗು ಮುಗಿಯಿತು. ಎಲ್ಲರೂ ನನ್ನನ್ನು, ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಂದು ಹೊಗಳಿದರು.

ಮನೆಯೊಳಗೆ ಬಂದರೆ ಮಗಳು ಬಾಗಿಲ ಹಿಂದೆ ನಿಂತಿದ್ದಳು. ಅವಳಿಗೂ ಕನ್ನಡ ತಿಳಿಯುತ್ತದೆ ಎಂಬುದು ಆ ಮಾತು ಆಡುವಾಗ ನನಗೆ ಮರೆತೇಹೋಗಿತ್ತು. “ದೊಡ್ಡವ್ವ ನೇ ಆಪ್‌ಕೇ ಲಿಯೇ ಝೂಟ್ ಬೋಲಾ, ಮಮ್ಮಿ” ಎಂದಳು. ನಿನಗಾಗಿ ಅವರು ಸುಳ್ಳು ಹೇಳಿದರು. ನಾನು ಅವಳ ಮೇಲೆ ರೇಗಿದೆ, ದೊಡ್ಡವರ ವಿಷಯ ನಿನಗೆ ಬೇಡ ಎಂದೆ. ಅವಳು ಅಳಲಿಲ್ಲ. ಅವತ್ತಿನಿಂದ ಅವಳ ಬಾಯಲ್ಲಿ ಕನ್ನಡದ ಒಂದಕ್ಷರವನ್ನೂ ನಾನು ಕೇಳಲಿಲ್ಲ, ಎದುರು ಕಿಟಕಿಯಿಂದಲೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ತಾವೇ ಕೂತು ಅಬ್ಬಲಿಗೆಯನ್ನೆಲ್ಲ ಕಿತ್ತರು. ಮಾಲಿ ಬರುವವರೆಗೂ ಕಾಯಲಿಲ್ಲ. ನಾನು ಪರದೆಯ ಹಿಂದಿನಿಂದ ನೋಡಿದೆ. ನಾಲ್ಕು ಗಿಡವನ್ನು ಹಳೆಯ ಎಣ್ಣೆ ಡಬ್ಬಗಳಲ್ಲಿ ನೆಟ್ಟು ಕಿಟಕಿಯ ಗ್ರಿಲ್ಲಿಗೆ ಏರಿಸಿದರು. ಆ ಬಿಸಿಲಿಗೆ ಎರಡು ವಾರದಲ್ಲಿ ಅವು ಒಣಗಿದವು. ಅದರ ಮುಂದಿನ ಭಾನುವಾರ ನಾವು ಗಂಡಹೆಂಡತಿ ಮಾಜಿವಾಡಾದ ಹೆದ್ದಾರಿ ಪಕ್ಕದ ನರ್ಸರಿಗೆ ಹೋಗಿ ರೆಂಜೆ ಸಸಿ ತಂದೆವು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ನಮ್ಮವರು ಎಷ್ಟು ಖುಷಿಯಾಗಿದ್ದರೆಂದರೆ, ಅವರಿಗೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ಅಕ್ಕ ಮಾತು ಬಿಡುತ್ತಾರೆ ಎಂದುಕೊಂಡಿದ್ದೆ. ಬಿಟ್ಟಿದ್ದರೆ ಒಳ್ಳೆಯದಿತ್ತು, ನಾನೂ ಬಿಡಬಹುದಿತ್ತು. ನಾಲ್ಕೈದು ದಿನದ ಮೇಲೆ ನೀರಿನ ಹೊತ್ತಿಗೆ ಎದುರಾದಾಗ ಅವರೇ ಮೊದಲು ಮಾತಾಡಿಸಿದರು: “ಪಾಣೀ ಆಲಂ ಕಾ, ತಾಈ?” ನೀರು ಬಂತೇ ಅಕ್ಕಾ, ಎಂದು, ಮರಾಠಿಯಲ್ಲಿ. ನಾನು “ಬಂತು ಅಕ್ಕ” ಎಂದೆ. ಅವರು ನಕ್ಕು ಒಳಗೆ ಹೋದರು. ಬಾಯಿ ತಪ್ಪಿ ಬಂದಿರಬೇಕು ಎಂದುಕೊಂಡೆ. ಮರುದಿನವೂ ಮರಾಠಿ. ಆ ವಾರವೆಲ್ಲ ಮರಾಠಿ. ತಂಗಿ ಎನ್ನುತ್ತಿದ್ದವರಿಗೆ ನಾನು ತಾಈ ಆಗಿದ್ದೆ. ಹತ್ತು ವರ್ಷ ಚಿಕ್ಕವಳಾದ ನನ್ನನ್ನು, ಬ್ಯಾಂಕಿನಲ್ಲಿ ಗುರುತಿಲ್ಲದವರನ್ನು ಕರೆಯುವ ಹಾಗೆ ಅಕ್ಕಾ ಎಂದು ಕರೆಯುತ್ತಿದ್ದರು.

ಅವರು ನನ್ನೊಡನೆ ಮಾತು ಬಿಡಲಿಲ್ಲ. ಕನ್ನಡ ಬಿಟ್ಟರು. ಅದು ಯಾರ ಕಣ್ಣಿಗೂ ಬೀಳುವಂಥದಲ್ಲ. ಮೇಲಿನ ಮನೆಯವರಿಗೆ ನಾವಿಬ್ಬರೂ ಮೊದಲಿನಂತೆಯೇ ಇದ್ದೆವು. ದೀಪಾವಳಿಗೆ ಕರ್ಚಿಕಾಯಿ ಬರುತ್ತಿತ್ತು, ಸಂಕ್ರಾಂತಿಗೆ ಎಳ್ಳು ಬರುತ್ತಿತ್ತು. ತಟ್ಟೆಯ ಜೊತೆ ಬರುವ ಮಾತು ಮಾತ್ರ ಮರಾಠಿ. ನಾನೊಂದಿಷ್ಟು ಉಪಾಯ ಮಾಡಿದೆ. ನಿಮ್ಮ ಕಡೆ ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಹಾಕುತ್ತೀರಿ ಎಂದು ಕೇಳಿದೆ. ಮಗನಿಗೆ ಹೆಣ್ಣು ನೋಡುತ್ತಿದ್ದೀರಾ ಎಂದು ಕೇಳಿದೆ. ಎಲ್ಲಕ್ಕೂ ವಿವರವಾಗಿ, ವಿನಯವಾಗಿ, ಮರಾಠಿಯಲ್ಲಿ ಉತ್ತರ ಬಂತು. ಕಾಗೆಯನ್ನು ಗದರಿಸುವುದು ಮಾತ್ರ ಕನ್ನಡದಲ್ಲೇ ನಡೆದಿತ್ತು. ಕೆಲವು ದಿನ ನಾನು ಕಾಗೆಯ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದುಂಟು.

ಮರಾಠಿಯಲ್ಲಿ ಇಬ್ಬರು ಮಾತು ಬಿಟ್ಟರೆ ಅದಕ್ಕೆ ಅಬೋಲಾ ಎನ್ನುತ್ತಾರೆ. ಏನೋ ನಡೆದಿದೆ ಎಂದು ನಮ್ಮವರಿಗೆ ವಾಸನೆ ಹತ್ತಿತ್ತು. “ಅಬೋಲಿ ಹೋಗಿ ಅಬೋಲಾ ಬಂತಾ?” ಎಂದು ಒಂದು ದಿನ ಕುಟುಕಿದರು. ಆಗ ಎಲ್ಲ ಹೇಳಿದೆ. ಅವರು ಊಟದ ತಟ್ಟೆಯನ್ನು ಸ್ವಲ್ಪ ದೂರ ಸರಿಸಿ, “ಪೋದು ಒಂಜಿ ಪಾತೆರ ಪಣ್” ಎಂದರು. ಹೋಗಿ ಒಂದು ಮಾತು ಹೇಳು ಎಂದು. ಹೋಗುತ್ತೇನೆ ಎಂದೆ. ಹೋಗಲಿಲ್ಲ. ದಿನಾ ಮಾತಾಡಿಸುವವರ ಹತ್ತಿರ ಹೋಗಿ ಕ್ಷಮಿಸಿ ಎನ್ನುವುದು ಹೇಗೆ, ಅವರು ಮರೆತಿರಬಹುದು, ಕೆದಕಿದರೆ ಇನ್ನೂ ನೋವು. ಹೀಗೆ ನನಗೆ ನಾನೇ ವಕೀಲಿ ಮಾಡಿಕೊಂಡೆ. ನಿಜವೇನೆಂದರೆ ನನಗೆ ನಾಚಿಕೆಯಾಗುತ್ತಿತ್ತು, ಆ ನಾಚಿಕೆಗಿಂತ ನನ್ನ ಜಂಬ ದೊಡ್ಡದಾಗಿತ್ತು.

ಇನ್ನೊಂದು ಕೆಲಸವನ್ನೂ ಮಾಡಿದೆ. ಮಾಡಿದ್ದನ್ನೆಲ್ಲ ಹೇಳುವಾಗ ಇದನ್ನು ಬಿಡಬಾರದು. ಮುಂದಿನ ಮಳೆಗಾಲದಲ್ಲಿ ರೆಂಜೆಯ ಬುಡದ ಚೌಕದಲ್ಲಿ ಪುಟ್ಟ ಪುಟ್ಟ ಸಸಿ ಎದ್ದವು. ಗಿಡ ಕೀಳುವಾಗ ಉದುರಿದ ಒಣಕಾಯಿ ಮೊದಲ ಮಳೆಗೆ ಸಿಡಿದು ಬಿದ್ದ ಬೀಜ. ಎಲೆ ನೋಡಿದೊಡನೆ ಅಬ್ಬಲಿಗೆ ಎಂದು ಗುರುತು ಸಿಕ್ಕಿತು. ಮಾಲಿ ಬಂದು, ಇದು ಏನು ಎಂದು ಕೇಳಿದ. “ಘಾಸ್ ಹೈ, ನಿಕಾಲ್ ದೋ” ಎಂದೆ. ಹುಲ್ಲು, ಕಿತ್ತುಬಿಡು ಎಂದು. ಮರದ ಕೆಳಗೆ ಅಬ್ಬಲಿಗೆ ಬೆಳೆದರೆ ನನ್ನ ಹಾಳೆಯ ಬಣ್ಣ ಬಯಲಾಗುತ್ತದೆ ಎಂಬ ಹೆದರಿಕೆ. ಆ ಹಾಳೆ ನನ್ನ ಹೊರತು ಯಾರಿಗೂ ನೆನಪಿರಲಿಲ್ಲ. ಮಾಲಿ ಕಿತ್ತು ಹಾಕಿದ. ಅದರ ಮುಂದಿನ ವರ್ಷ ಮತ್ತೆ ಬಂದವು. ಆ ಸಲ ನಾನು ಸುಮ್ಮನಿದ್ದೆ.

ಹಾಗೆ ವರ್ಷಗಳು ಹೋದವು. ಮಗಳು ಓದು ಮುಗಿಸಿ ಕೆಲಸಕ್ಕೆಂದು ಪುಣೆಗೆ ಹೋದಳು. ರೆಂಜೆ ಕಿಟಕಿಯ ಎತ್ತರ ದಾಟಿತು, ಒಂದು ಹೂವನ್ನೂ ಬಿಡಲಿಲ್ಲ. ಅದರ ಕೆಳಗೆ ಅಬ್ಬಲಿಗೆ ಗುಂಪುಗುಂಪಾಗಿ ಹರಡಿ ಹನ್ನೆರಡು ತಿಂಗಳೂ ಅರಳುತ್ತಿತ್ತು. ನೋಡಿದವರೆಲ್ಲ ಎಷ್ಟು ಚೆಂದ ಹೊಂದಿಕೊಂಡಿವೆ ಎನ್ನುತ್ತಿದ್ದರು. ಅಕ್ಕ ಅದನ್ನು ಬಿಡಿಸುತ್ತಿರಲಿಲ್ಲ. ನಾನೂ ಮುಟ್ಟುತ್ತಿರಲಿಲ್ಲ. ಆ ಹೂ ಗಿಡದಲ್ಲೇ ಬಾಡಿ ಉದುರುತ್ತಿತ್ತು. ಶುಕ್ರವಾರ ನಾನು ಸ್ಟೇಷನ್ ಹತ್ತಿರದಿಂದ ಮಲ್ಲಿಗೆ ಕೊಂಡು ಮುಡಿಯುತ್ತಿದ್ದೆ. ಅಕ್ಕನ ಕಿಟಕಿಯ ಮುಂದೆ ಹಾಯುವಾಗ ಸೆರಗು ತಲೆಗೆ ಎಳೆದುಕೊಳ್ಳುತ್ತಿದ್ದೆ.

ಕಳೆದ ವರ್ಷ ಕಟ್ಟಡ ಕೆಡವಿ ಹೊಸದು ಕಟ್ಟುವುದೆಂದು ಖಚಿತವಾಯಿತು. ಎಲ್ಲರೂ ಮನೆ ಖಾಲಿ ಮಾಡಬೇಕು. ಯಾರೋ ಬಂದು ರೆಂಜೆಯ ಕಾಂಡಕ್ಕೆ ಬಿಳಿ ಬಣ್ಣದಲ್ಲಿ ನಂಬರು ಬರೆದುಹೋದರು. ಕಿತ್ತು ಬೇರೆಡೆ ನೆಡುತ್ತಾರೆ ಎಂದರು, ಕಡಿಯುತ್ತಾರೆ ಎಂದರು, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾವು ಡೊಂಬಿವಲಿಯಲ್ಲಿ ಬಾಡಿಗೆ ಮನೆ ನೋಡಿದೆವು. ಅಕ್ಕನ ಮಗ ಕಲ್ಯಾಣದಲ್ಲಿ ಮನೆ ಕೊಂಡಿದ್ದ. ಅವರು ತಿರುಗಿ ಬರುವವರಲ್ಲ ಎಂದು ಸೆಕ್ರೆಟರಿ ಹೇಳಿದರು. ಸಾಮಾನು ಕಟ್ಟುವಾಗ ಹಳೆಯ ಪಠ್ಯಪುಸ್ತಕದ ನಡುವೆ ಆ ಹಾಳೆ ಸಿಕ್ಕಿತು. ವರ್ಷಪೂರ್ತಿ ಕಸ ಎಂದು ನನ್ನದೇ ದುಂಡು ಅಕ್ಷರ. ಫೋನಿನಲ್ಲಿ ಮಗಳಿಗೆ ಹೇಳಿದೆ. ಅವಳು “ಅಬ್ ತೋ ಬೋಲ್ ದೋ, ಮಮ್ಮಿ” ಎಂದಳು. ಈಗಲಾದರೂ ಹೇಳಿಬಿಡು.

ಅಕ್ಕ ಹೊರಡುವ ದಿನ ಬೆಳಿಗ್ಗೆ ನಾನು ಕತ್ತಿ ಹಿಡಿದು ರೆಂಜೆಯ ಬುಡಕ್ಕೆ ಹೋದೆ. ಅಬ್ಬಲಿಗೆಯ ಒಂದು ಒಳ್ಳೆಯ ಗುಂಪು ನೋಡಿ ಸುತ್ತ ಕೆತ್ತಿ ಎಬ್ಬಿಸಿದೆ. ಅದರ ಬೇರು ರೆಂಜೆಯ ಬೇರಿಗೆ ಹೆಣೆದುಕೊಂಡಿತ್ತು. ಎಳೆದಾಗ ಕೆಲವು ಕಿತ್ತುಬಂದವು. ಹಳೆಯ ಎಣ್ಣೆ ಡಬ್ಬದಲ್ಲಿ ಮಣ್ಣು ತುಂಬಿ ನೆಟ್ಟು, ಕೈ ತೊಳೆದು, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಗೇಟಿಗೆ ಹೋದೆ. ಟೆಂಪೊ ತುಂಬಿ ನಿಂತಿತ್ತು. ಕಟ್ಟಡದ ಹೆಂಗಸರೆಲ್ಲ ಅಕ್ಕನನ್ನು ಸುತ್ತುವರಿದಿದ್ದರು. ಅದೇ ಸೆಕ್ರೆಟರಿ, ಕೂದಲು ಪೂರ್ತಿ ನರೆತಿತ್ತು, ಪೇಪರ್ ಕಪ್ಪಿನಲ್ಲಿ ಎಲ್ಲರಿಗೂ ಚಹಾ ಕೊಡುತ್ತಿದ್ದರು.

ಡಬ್ಬ ಚಾಚಿ ಹೇಳಿದೆ: “ನಿಮ್ಮದೇ ಗಿಡ ಅಕ್ಕ. ಅವತ್ತು ನಾನು ಆಡಬಾರದ ಮಾತು ಆಡಿದೆ. ಇಷ್ಟು ವರ್ಷ ಹೇಳಲು ಆಗಲಿಲ್ಲ. ತಪ್ಪಾಯ್ತು.”

ಅಕ್ಕ ನನ್ನ ಮುಖ ನೋಡಿದರು. ಆಮೇಲೆ ಮೆತ್ತಗೆ, ಯಾವ ವ್ಯಂಗ್ಯವೂ ಇಲ್ಲದೆ, “ಕಾಯ್ ಮ್ಹಣಾಲಾತ, ತಾಈ? ಕಳಲಂ ನಾಹೀ” ಎಂದರು. ಏನಂದಿರಿ? ತಿಳಿಯಲಿಲ್ಲ.

ಮೊದಲು ನನಗೆ ಅವಮಾನವಾ​ಯಿತು. ಸಿಟ್ಟೂ ಬಂತು, ನನ್ನ ಸ್ವಭಾವ ಅಷ್ಟು ಬೇಗ ಹೋಗುವಂಥದಲ್ಲ. ಡಬ್ಬವನ್ನು ಅಲ್ಲೇ ಇಟ್ಟು ತಿರುಗಿ ಹೋಗೋಣ ಎನ್ನಿಸಿತು. ಸುತ್ತ ನಿಂತ ಹೆಂಗಸರು ನಮ್ಮಿಬ್ಬರನ್ನೂ ನೋಡುತ್ತಿದ್ದರು, ಅವರಿಗೆ ನಾನಂದದ್ದು ಒಂದೂ ತಿಳಿದಿರಲಿಲ್ಲ. ಆಗ ನನಗೆ ಅರ್ಥವಾಯಿತು. ಎಂಟು ವರ್ಷದ ಹಿಂದೆ ಈ ಜನಕ್ಕೆ ತಿಳಿಯಬಾರದೆಂದು ಆಡಿದ ಮಾತಿನ ಕ್ಷಮೆಯನ್ನೂ ನಾನು ಅವರಿಗೆ ತಿಳಿಯದ ಹಾಗೆಯೇ ಕೇಳಿ ಮುಗಿಸಲು ಬಂದಿದ್ದೆ.

ಸೆಕ್ರೆಟರಿಯ ಕಡೆ ತಿರುಗಿದೆ. ನನ್ನ ಹರಕು ಮರಾಠಿಯಲ್ಲಿ ಶುರುಮಾಡಿದೆ. ಆ ಮೀಟಿಂಗಿನಲ್ಲಿ ಕೊನೆಗೆ ನಾನು ಕನ್ನಡದಲ್ಲಿ ಅಂದದ್ದು ಮರದ ಮಾತಲ್ಲ, ಇವರು ನನ್ನ ಮಾನ ಉಳಿಸಲು ಹಾಗೆ ಹೇಳಿದರು ಎಂದೆ. ಚಹಾ ಕುಡಿಯುತ್ತಿದ್ದವರು ಕಪ್ಪು ಇಳಿಸಿದರು. ಹಾಗಾದರೆ ಇವರು ಅಂದದ್ದೇನು ಎಂದು ಎಲ್ಲರೂ ಕಾಯುತ್ತಿದ್ದರು. ನಾನಂದದ್ದು, ಎಂದೆ, ಯಾವ ಮನೆಯಲ್ಲಿ ಹೂವನ್ನು, ಹೂವನ್ನು... ಅಲ್ಲಿಗೆ ನಿಂತಿತು. ಮುಡಿಯುವುದಕ್ಕೆ ಮರಾಠಿಯಲ್ಲಿ ಏನೆನ್ನುತ್ತಾರೋ ನನಗೆ ಬಾಯಿಗೆ ಬರಲಿಲ್ಲ. “ಫುಲಂ... ಫುಲಂ...” ಎಂದು ಕೈಯನ್ನು ಜಡೆಯ ಹತ್ತಿರ ಒಯ್ದೆ.

“ಮಾಳಾಯಲಾ,” ಎಂದರು ಅಕ್ಕ.

ಮುಡಿಯಲಿಕ್ಕೆ. ನನ್ನ ಮಾತಿನಲ್ಲಿ ಬಿಟ್ಟುಹೋದ ಶಬ್ದವನ್ನು, ಮಗುವಿಗೆ ಪಾಠ ಹೇಳಿಕೊಡುವವರ ಹಾಗೆ, ಅವರೇ ಕೊಟ್ಟರು. ಆ ವಾಕ್ಯ ಅಕ್ಷರಕ್ಕೆ ಅಕ್ಷರ ಅವರಲ್ಲಿ ಉಳಿದಿತ್ತು. ನಾನು ಅದನ್ನು ತೆಗೆದುಕೊಂಡು ವಾಕ್ಯವನ್ನು ಪೂರ್ತಿ ಮಾಡಿದೆ: ಹೂ ಮುಡಿಯಲಿಕ್ಕೆ ಯಾರೂ ಇಲ್ಲದ ಮನೆಗೆ ವರ್ಷಪೂರ್ತಿ ಹೂ ಯಾಕೆ ಎಂದೆ. ಮೇಲಿನ ಮನೆಯ ಗುಜರಾತಿ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಸೆಕ್ರೆಟರಿ ನೆಲ ನೋಡಿದರು. ನಮ್ಮವರು ನನ್ನ ಹಿಂದೆ ಯಾವಾಗ ಬಂದು ನಿಂತಿದ್ದರೋ ಗೊತ್ತಿಲ್ಲ. ಅಷ್ಟು ಜನರ ನಡುವೆ ಹಾಗೆ ನಿಲ್ಲುವ ನಾಚಿಕೆಯನ್ನು ನಾನು ಯಾವ ಶತ್ರುವಿಗೂ ಬಯಸುವುದಿಲ್ಲ. ನನಗೆ ಮಾತ್ರ ಅದು ಬರಬೇಕಾದದ್ದೇ ಆಗಿತ್ತು.

ಟೆಂಪೊದವನು ಹಾರ್ನ್ ಹೊಡೆದ. ಅಕ್ಕ ನನ್ನ ಕೈಯಿಂದ ಡಬ್ಬ ತೆಗೆದುಕೊಂಡರು. ಬೆರಳಿನಿಂದ ಮಣ್ಣು ಸ್ವಲ್ಪ ಕೆದರಿ ಗಿಡದ ಬುಡ ನೋಡಿದರು.

“ಬೇರ ಹರದ ಬಿಟ್ಟಿಯಲ್ಲ ತಂಗಿ,” ಎಂದರು. “ಹತ್ತತೈತೋ ಇಲ್ಲೋ, ನೋಡೂಣು.”

ಅಷ್ಟೇ ಹೇಳಿ ಮುಂದಿನ ಸೀಟಿನಲ್ಲಿ ಮಗನ ಪಕ್ಕ ಕೂತು ಡಬ್ಬವನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡರು. ಗಾಡಿ ಹೊರಟಿತು. ತಂಗಿ ಎಂದರು ಎಂದು ನಾನು ನಮ್ಮವರಿಗೆ ಮೂರು ಸಲ ಹೇಳಿದೆ. ಕೇಳಿಸಿತು ಮಾರಾಯ್ತಿ ಎಂದರು.

ಕಲ್ಯಾಣ ಇಲ್ಲಿಂದ ಎರಡೇ ಸ್ಟೇಷನ್. ಅಕ್ಕನ ಮಗನ ನಂಬರು ನನ್ನ ಫೋನಿನಲ್ಲಿದೆ. ಗಿಡ ಹತ್ತಿತೋ ಇಲ್ಲವೋ ಎಂದು ಕೇಳಬೇಕೆಂದು ದಿನಾ ಅಂದುಕೊಳ್ಳುತ್ತೇನೆ. ಈವರೆಗೆ ಕೇಳಿಲ್ಲ. ಅತ್ತಲಿಂದ ಯಾವ ಭಾಷೆಯಲ್ಲಿ ಉತ್ತರ ಬರುತ್ತದೋ ಎಂದು ಹೆದರಿಕೆ.